ಸರ್ಕಾರದ ಇಷ್ಟ ಇರುವ ತನಕ

ಹಂಡೆಯೊಳಗೆ ತಲೆ ಹಾಕಿ ಉಜ್ಜುತ್ತಿದ್ದೆ. ಮಕ್ಕಳ ಊಟ ಮುಗಿದಿತ್ತು. ಸಾಂಬಾರು ತಳ ಹಿಡಿದಿತ್ತು. ನಮ್ಮ ಶಾಲೆಯ ಹಂಡೆ ದೊಡ್ಡದು. ಭುಜದ ತನಕ ಒಳಗೆ ಇಳಿಯದೆ ತಳ ಕೈಗೆ ಸಿಗುವುದಿಲ್ಲ.

"ಜಲಜಮ್ಮ, ಈಚೆ ಬಾ."

ಶಿವಶಂಕರಪ್ಪ ನಿಂತಿದ್ದ. ಶಾಲೆಯ ಉಸ್ತುವಾರಿ ಸಮಿತಿ ಅಧ್ಯಕ್ಷ. ಭದ್ರಾವತಿಯಲ್ಲಿ ಪಾರ್ಟಿ ಕೆಲಸವೆಲ್ಲ ಅವನದೇ. ನನ್ನನ್ನು ಬಿಸಿಯೂಟದ ಅಡುಗೆಗೆ ಸೇರಿಸಿದವನೂ ಅವನೇ. ಅಡುಗೆ ಅಂತ ಹೆಸರು ಅಷ್ಟೆ. ಸೌಟು ಹಿಡಿಯುವವಳು ಬೇರೆ. ನಾನು ಅಕ್ಕಿ ಮೂಟೆ ಹೊರಬೇಕು, ತರಕಾರಿ ಹೆಚ್ಚಬೇಕು, ಹಂಡೆ ಇಳಿಸಬೇಕು, ತೊಳೆಯಬೇಕು. ನಾನು ಬಡಿಸಿದರೆ ಕೆಲವು ಮನೆಯವರು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸುತ್ತಾರೆ. ಸೇರಿದ ಹೊಸತರಲ್ಲೇ ಅದು ಗೊತ್ತಾಯಿತು. ಯಾರೂ ಜಗಳ ಮಾಡಲಿಲ್ಲ. ಹೆಡ್‌ಮಾಸ್ಟರು ಬಂದು "ನೀವು ಹಿಂದೆ ಇರಿ ಜಲಜಮ್ಮ" ಅಂದರು. ಹಿಂದೆ ಇದ್ದೆ.

"ನಿನ್ನ ಮೆಂಬರ್ ಮಾಡಿದೀನಿ ಮಾರಾಯ್ತಿ" ಅಂದ.

"ಯಾವುದಕ್ಕೆ ಅಣ್ಣಾರೆ?"

"ವೈದ್ಯ ಪರವಾನಗಿ ಮಂಡಳಿಗೆ. ಡಾಕ್ಟರುಗಳಿಗೆ ಲೈಸೆನ್ಸ್ ಕೊಡೋದು, ತಪ್ಪು ಮಾಡಿದ್ರೆ ಕಿತ್ಕೊಳ್ಳೋದು. ಶಿವಮೊಗ್ಗದಲ್ಲಿ ಅವರದೊಂದು ಪೀಠ ಕೂರುತ್ತೆ. ಇಬ್ರು ಡಾಕ್ಟರು, ಒಬ್ರು ಸಾರ್ವಜನಿಕ ಸದಸ್ಯರು. ಈ ಸಲ ಆ ಒಬ್ರು ನಿಮ್ಮ ಜನದ ಹೆಂಗಸೇ ಆಗ್ಬೇಕಂತೆ. ಮೇಲಿಂದ ಹೆಸರು ಕೇಳಿದ್ರು. ನಿನ್ನ ಹೆಸರು ಕೊಟ್ಟೆ."

"ನಾನು ಓದಿದ್ದು ಏಳನೇ ಕ್ಲಾಸು."

"ಓದಿರ್ಬೇಕು ಅಂತ ರೂಲ್ಸಲ್ಲಿ ಇಲ್ಲ. ಡಾಕ್ಟರ್ ಆಗಿರಬಾರ್ದು ಅಂತ ಮಾತ್ರ ಇದೆ." ನಕ್ಕ. "ಹೋಗು, ಕೂತ್ಕೋ, ಅವರು ತೋರಿಸಿದ ಕಡೆ ಸಹಿ ಹಾಕು, ಟೀ ಕುಡ್ಕೊಂಡು ಬಾ. ಗೌರವಧನ ಕೊಡ್ತಾರೆ."

ಗೌರವಧನ. ಶಾಲೆಯಲ್ಲಿ ನಮಗೆ ಕೊಡುವುದೂ ಅದನ್ನೇ. ಸಂಬಳ ಅಂದರೆ ನಾವು ನೌಕರರಾಗಿಬಿಡುತ್ತೇವೆ. ರಜೆ ಕೊಡಬೇಕು, ಪಿಂಚಣಿ ಕೊಡಬೇಕು. ಅದಕ್ಕೇ ಗೌರವ ಮಾಡುತ್ತಾರೆ.

ಮನೆಯಲ್ಲಿ ನನ್ನ ಗಂಡ ಭೂತಪ್ಪ ಗೋಡೆಗೆ ಒರಗಿ ಕೂತಿದ್ದ. ಲಾರಿಗೆ ಲೋಡ್ ಮಾಡಿ ಮಾಡಿ ಅವನ ಸೊಂಟ ಹೋಗಿದೆ. ವಿಷಯ ಹೇಳಿದೆ.

"ಡಾಕ್ಟರುಗಳ ಪಕ್ಕ ಕುರ್ಚಿ ಹಾಕ್ತಾರಾ ನಿಂಗೆ?"

"ಹಾಕ್ತಾರಂತೆ."

"ಹಾಕಿದ್ರೆ ಕೂತ್ಕೊಂಡು ಬಾ" ಅಂದ.

ಮಂಡಳಿಯ ಪೀಠ ಕೂರುತ್ತಿದ್ದದ್ದು ವಿನೋಬನಗರದ ಒಂದು ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ. ಭದ್ರಾವತಿಯಿಂದ ಪ್ರೈವೇಟ್ ಬಸ್ಸಲ್ಲಿ ಹೋದೆ. ಅಲ್ಲಿ ಗುಮಾಸ್ತ ಶಶಿಧರ್ ನನ್ನನ್ನು ಕೂರಿಸಿಕೊಂಡು ನಿಯಮ ಓದಿ ಹೇಳಿದ. ಕೆಟ್ಟವನಲ್ಲ. ಪಡಿತರ ಅಂಗಡಿಯವನು ಅಕ್ಕಿ ಎಷ್ಟು ಬಂದಿದೆ ಅಂತ ಹೇಳುವ ಹಾಗೆ ಹೇಳಿದ.

"ವೈದ್ಯ ಸದಸ್ಯರನ್ನ ವೈದ್ಯರೇ ವೋಟು ಹಾಕಿ ಆರಿಸ್ತಾರೆ. ಅವಧಿ ಮುಗಿಯೋ ತನಕ ಯಾರೂ ತೆಗೆಯೋ ಹಾಗಿಲ್ಲ. ನಿಮ್ಮದು ನಾಮನಿರ್ದೇಶನ. ಸರ್ಕಾರದ ಇಷ್ಟ ಇರುವ ತನಕ."

"ಇಷ್ಟ ಹೋದ್ರೆ?"

"ಹೋದ್ರೆ ಹೋಯ್ತು. ಕಾರಣ ಹೇಳ್ಬೇಕು ಅಂತಿಲ್ಲ. ಸಿಟ್ಟಿಂಗ್ ಫೀ ಅವರಿಗೆ ಪೂರ್ತಿ, ನಿಮಗೆ ಅರ್ಧ. ಪ್ರಯಾಣ ಭತ್ಯೆ ನಿಮಗೆ ಬರಲ್ಲ, ಭದ್ರಾವತಿ ತೀರಾ ಹತ್ರ ಆಯ್ತು. ಆದೇಶಕ್ಕೆ ಮೂರೂ ಜನ ಸಹಿ ಹಾಕ್ಬೇಕು. ಒಂದು ಸಹಿ ಇಲ್ಲದಿದ್ರೂ ಆದೇಶ ಆಗಲ್ಲ."

"ದೂರು ಕೊಟ್ಟೋರಿಗೆ ಏನು ಕೊಡ್ತಾರೆ?"

"ಅವರಿಗೇನು?"

"ಅವರೂ ಬಸ್ಸಲ್ಲಿ ಬರ್ತಾರಲ್ಲ."

ಶಶಿಧರ್ ಪುಸ್ತಕ ತಿರುವಿದ. ನಿಜವಾಗಿಯೂ ಹುಡುಕಿದ. "ಅವರ ಬಗ್ಗೆ ಇಲ್ಲಿ ಏನೂ ಇಲ್ಲ" ಅಂದ.

ಒಳಗೆ ಉದ್ದನೆ ಮೇಜು. ನಡುವೆ ಡಾಕ್ಟರ್ ಓಂಕಾರಪ್ಪ, ಪೀಠದ ಅಧ್ಯಕ್ಷರು. ಅವರ ಬಲಕ್ಕೆ ಡಾಕ್ಟರ್ ಉಮಾಮಹೇಶ್ವರಿ. ನನ್ನ ಕುರ್ಚಿ ಮೇಜಿನ ತುದಿಯಲ್ಲಿತ್ತು. ಇಬ್ಬರೂ ನಮಸ್ಕಾರ ಮಾಡಿದರು. ಓಂಕಾರಪ್ಪ "ಬನ್ನಿ ತಾಯಿ" ಅಂದರು. ಅಟೆಂಡರ್ ಲಿಂಗಪ್ಪ ಟೀ ತಂದ. ಎರಡು ಪಿಂಗಾಣಿ ಕಪ್ಪು, ಒಂದು ಪೇಪರ್ ಕಪ್ಪು. ಪೇಪರ್ ಕಪ್ಪು ಎಲ್ಲಿಗೆ ಬರುತ್ತೆ ಅಂತ ನಾನು ನೋಡಲೂ ಇಲ್ಲ. ಬಂತು. ಕುಡಿದೆ. ಟೀ ಬಿಸಿ ಇತ್ತು.

ಅವತ್ತು ಇದ್ದದ್ದು ಒಂದೇ ದೂರು. ರಕ್ಷಾ ಅಂತ ಹುಡುಗಿ, ಆಯನೂರಿನವಳು. ಮಾಚೇನಹಳ್ಳಿಯ ಬಟ್ಟೆ ಹೊಲಿಯೋ ಫ್ಯಾಕ್ಟರಿಯಲ್ಲಿ ಕೆಲಸ. ಬಾಗಿಲ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ ಮಧು ಮೊಬೈಲ್ ತಿರುಗಿಸುತ್ತಾ ನಿಂತಿದ್ದ. ದೂರು ಡಾಕ್ಟರ್ ನಿರಂಜನ ಅನ್ನುವವರ ಮೇಲೆ. ಅದೇ ವಿನೋಬನಗರದಲ್ಲಿ ಅವರ ನರ್ಸಿಂಗ್ ಹೋಮ್. ಅವರು ಬಂದಿರಲಿಲ್ಲ. ಆಪರೇಷನ್ ಇದೆಯಂತೆ. ವಿಚಾರಣೆ ಮುಂದಕ್ಕೆ ಹಾಕಿದರು. ನಾವು ಮೂರು ಜನ ಹಾಜರಿಗೆ ಸಹಿ ಹಾಕಿದೆವು. ನನ್ನ ಅರ್ಧ ಫೀ ಕೈಗೆ ಬಂತು. ಶಾಲೆಯಲ್ಲಿ ಹದಿನೈದು ದಿನ ಹಂಡೆ ತೊಳೆದರೆ ಬರುವಷ್ಟು, ಒಂದು ಟೀ ಕುಡಿಯೋ ಹೊತ್ತಿಗೆ. ರಕ್ಷಾಳ ಅವತ್ತಿನ ಕೂಲಿ ಹೋಯಿತು. ಅದು ಆಗಲೇ ಮೂರನೇ ಸಲ ಮುಂದಕ್ಕೆ ಹೋಗಿದ್ದು.

ಮೆಟ್ಟಿಲಲ್ಲಿ ಅವಳು ನನ್ನ ಮುಂದೆ ಇಳಿಯುತ್ತಿದ್ದಳು. ಹಿಂತಿರುಗಿ "ನೀವು ಡಾಕ್ಟರಾ?" ಅಂತ ಕೇಳಿದಳು.

"ಅಲ್ಲ ಮಗಳೇ. ಶಾಲೇಲಿ ಅಡುಗೆ ಮಾಡ್ತೀನಿ."

ಅವಳು ನಗಲಿಲ್ಲ, ಅಳಲಿಲ್ಲ. ಇಳಿದು ಹೋದಳು.

ಮುಂದಿನ ಸಲ ಡಾಕ್ಟರ್ ನಿರಂಜನ ಬಂದರು. ಓಂಕಾರಪ್ಪ "ಬಾ ನಿರಂಜನ, ಕೂತ್ಕೋ" ಅಂದರು. ನಿರಂಜನ ಅವರ ಪಕ್ಕದ ಸೋಫಾದಲ್ಲಿ ಕೂತರು. ಇಬ್ಬರೂ ಯಾವುದೋ ಮದುವೆ ಮಾತಾಡಿದರು. ರಕ್ಷಾ ಬಾಗಿಲ ಹತ್ತಿರವೇ ನಿಂತಿದ್ದಳು. ಮಧು ಈ ಸಲ ಬಂದಿರಲಿಲ್ಲ.

"ಹೇಳಮ್ಮ, ಬೇಗ ಹೇಳು" ಅಂದರು ಓಂಕಾರಪ್ಪ.

ರಕ್ಷಾ ಹೇಳಿದಳು. ಪಾಠ ಒಪ್ಪಿಸುವ ಹಾಗೆ ಹೇಳಿದಳು. ಮುಟ್ಟಾದಾಗ ಹೊಟ್ಟೆನೋವು ಬರುತ್ತಿತ್ತು. ಮಷೀನ್ ಮುಂದೆ ಕೂರೋಕೆ ಆಗುತ್ತಿರಲಿಲ್ಲ. ಡಾಕ್ಟರು ನೋಡಿ ಹೊಟ್ಟೆಯೊಳಗೆ ನೀರುಗುಳ್ಳೆ ಅಂದರು, ಸಣ್ಣ ತೂತು ಮಾಡಿ ತೆಗೀತೀವಿ ಅಂದರು. ಥಿಯೇಟರ್ ಬಾಗಿಲಲ್ಲಿ ನರ್ಸ್ ಪೇಪರ್ ಹಿಡಿದಳು. ಇಂಗ್ಲಿಷಿನಲ್ಲಿತ್ತು. ಇವಳು ಸಹಿ ಹಾಕಿದಳು. ಆಮೇಲೆ ಮುಟ್ಟು ಬರಲಿಲ್ಲ. ಬಸಿರು ಅಂದುಕೊಂಡಳು. ಅತ್ತೆ ಪಾಯಸ ಮಾಡಿದರು. ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಗರ್ಭಕೋಶವೇ ಇಲ್ಲ ಅಂತ.

"ನಂಗೆ ಇಪ್ಪತ್ನಾಲ್ಕು ವರ್ಷ. ಮಕ್ಕಳಿಲ್ಲ" ಅಂದಳು. ಅಷ್ಟೇ.

ಓಂಕಾರಪ್ಪ ಕಾಗದ ಎತ್ತಿ ತೋರಿಸಿದರು. "ಈ ಸಹಿ ನಿಂದೇ ತಾನೆ?"

"ನಂದೇ."

"ಮತ್ತೆ?"

ನಿರಂಜನ ಹೇಳಿದರು, ಒಳಗೆ ರಕ್ತ ನಿಲ್ಲಲಿಲ್ಲ, ಬೇರೆ ದಾರಿ ಇರಲಿಲ್ಲ, ಜೀವ ಉಳಿಸಿದೆ, ಇದು ಉಪಕಾರಕ್ಕೆ ಪ್ರತಿಯಾಗಿ ಬಂದ ದೂರು. ಅವರು ರಕ್ಷಾಳ ಕಡೆ ನೋಡಲೇ ಇಲ್ಲ. ರಕ್ತದ ವಿಷಯ ನನಗೆ ಗೊತ್ತಿಲ್ಲ. ಇರಬಹುದು. ಇಲ್ಲದಿರಬಹುದು. ಆದರೂ ಒಂದು ಕೇಳಬೇಕು ಅನ್ನಿಸಿತು.

"ಡಾಕ್ಟ್ರೇ, ತೆಗೆದ ಮೇಲೆ ಈ ಹುಡುಗಿಗೆ ಹೇಳಿದ್ರಾ?"

ನಿರಂಜನ ಓಂಕಾರಪ್ಪನವರ ಮುಖ ನೋಡಿದರು.

"ತಾಯಿ, ಅದು ವೈದ್ಯಕೀಯ ವಿಚಾರ" ಅಂದರು ಓಂಕಾರಪ್ಪ. "ವೈದ್ಯಕೀಯ ವಿಚಾರದಲ್ಲಿ ಸಾರ್ವಜನಿಕ ಸದಸ್ಯರು ಪ್ರಶ್ನೆ ಕೇಳೋ ಹಾಗಿಲ್ಲ. ರೂಲ್ಸು."

"ಮತ್ತೆ ನಾನು ಏನು ಕೇಳ್ಬೋದು?"

ಅವರಿಗೆ ಸಿಟ್ಟು ಬರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ನೀವು ಇರ್ಬೇಕು. ಅಷ್ಟೆ."

ಹತ್ತು ನಿಮಿಷದಲ್ಲಿ ಶಶಿಧರ್ ಆದೇಶ ತಂದು ಮೇಜಿನ ಮೇಲಿಟ್ಟ. ಟೈಪ್ ಆಗಿತ್ತು. ಟೈಪ್ ಮಾಡೋಕೆ ಯಾರೂ ಎದ್ದು ಹೋಗಿರಲಿಲ್ಲ. ಮೊದಲೇ ಆಗಿತ್ತು. ವೈದ್ಯರ ಕಡೆಯಿಂದ ಲೋಪ ಕಂಡುಬಂದಿಲ್ಲ, ದೂರು ವಜಾ. ಓಂಕಾರಪ್ಪ ಸಹಿ ಹಾಕಿದರು. ಉಮಾಮಹೇಶ್ವರಿ ಪೆನ್ನು ಹಿಡಿದು ಸ್ವಲ್ಪ ತಡೆದರು. ಆಮೇಲೆ ಹಾಕಿದರು. ಕಾಗದ ನನ್ನ ಮುಂದೆ ಬಂತು. ಲಿಂಗಪ್ಪ ಬೆರಳಿಟ್ಟು ತೋರಿಸಿದ. "ಇಲ್ಲಿ."

ನನ್ನ ಕೈ ತೊಡೆಯ ಮೇಲಿತ್ತು. ಎತ್ತಲಿಲ್ಲ.

"ಹಾಕಲ್ಲ" ಅಂದೆ.

"ಏನು?"

"ಸಹಿ ಹಾಕಲ್ಲ."

ನನಗೆ ಧೈರ್ಯ ಬಂದಿತ್ತು ಅಂತ ಆಮೇಲೆ ಜನ ಹೇಳಿದರು. ಧೈರ್ಯ ಏನೂ ಬಂದಿರಲಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ. ಕೈಗೆ ಜೋಮು ಹಿಡಿದ ಹಾಗಿತ್ತು. ಎತ್ತು ಅಂದರೂ ಏಳುವ ಹಾಗಿರಲಿಲ್ಲ.

"ಯಾಕೆ ಅಂತ ಕಾರಣ ಕೊಡಿ" ಅಂದರು ಓಂಕಾರಪ್ಪ. ಈಗ ದನಿ ಬದಲಾಗಿತ್ತು. "ಭಿನ್ನಾಭಿಪ್ರಾಯ ಇದ್ರೆ ಬರೀಬೇಕು. ವೈದ್ಯಕೀಯ ಕಾರಣ ಕೊಟ್ಟು ಬರೀಬೇಕು. ಬರೀತೀರಾ?"

"ನಂಗೆ ಬರಲ್ಲ."

"ಮತ್ತೆ ಸಹಿ ಹಾಕಿ."

"ಅವಳಿಗೆ ಹೇಳಿದ್ರಾ ಅಂತ ಕೇಳಿದೆ. ಯಾರೂ ಹೇಳಲಿಲ್ಲ. ನಾನು ಹಾಕಲ್ಲ."

ನಿರಂಜನ ಎದ್ದು ನಿಂತರು. "ಸಾರ್, ಅಡುಗೆಯವಳು ನನ್ನ ಲೈಸೆನ್ಸ್ ಬಗ್ಗೆ ತೀರ್ಮಾನ ಮಾಡ್ತಾಳಾ?" ಅಂದರು. ಇಂಥವರನ್ನೆಲ್ಲ ಎಲ್ಲಿಂದ ಎತ್ಕೊಂಡು ಬರ್ತಾರೋ ಅಂತಲೂ ಅಂದರು. ಯಾರೂ ಅವರನ್ನು ತಡೆಯಲಿಲ್ಲ. ಶಶಿಧರ್ ನೆಲ ನೋಡುತ್ತಿದ್ದ. ರಕ್ಷಾ ಬಾಗಿಲಿಂದ ನನ್ನನ್ನೇ ನೋಡುತ್ತಿದ್ದಳು.

ಕೈತೊಳೆಯೋ ಜಾಗದಲ್ಲಿ ಉಮಾಮಹೇಶ್ವರಿ ನನ್ನ ಹಿಂದೆ ಬಂದು ನಿಂತರು. ನಲ್ಲಿ ಬಿಟ್ಟರು. ನೀರು ಸುರಿಯುತ್ತಿತ್ತು. "ನೀವು ಕೇಳಿದ್ದು ಸರಿ ಇದೆ" ಅಂದರು, ಕನ್ನಡಿ ನೋಡಿಕೊಂಡು. "ಆದ್ರೆ ನನಗೆ ವೋಟು ಹಾಕೋರು ಅವರೇ ಅಲ್ವಾ. ಅರ್ಥ ಮಾಡ್ಕೊಳ್ಳಿ." ನಲ್ಲಿ ನಿಲ್ಲಿಸಿ ಹೋದರು. ನಾನು ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಂಡರೆ ಏನಾಗುತ್ತೆ ಅಂತ ಗೊತ್ತಾಗಲಿಲ್ಲ.

ಅವತ್ತೇ ಸಂಜೆ ಶಿವಶಂಕರಪ್ಪ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ. ಅವನು ಯಾವತ್ತೂ ಬರಲ್ಲ. ಬೈಕ್ ಮೇಲೆ ಕೂತೇ ಮಾತಾಡಿದ.

"ಮಾನ ಕಳೆದ್ಯಲ್ಲ ಮಾರಾಯ್ತಿ. ನಿನ್ನ ಹೆಸರು ಕೊಟ್ಟಿದ್ದಕ್ಕೆ ನಂಗೆ ಉಗೀತಿದಾರೆ. ನಾಳೆ ಹೋಗಿ ಸಹಿ ಹಾಕಿ ಬಾ. ಮುಗೀತು ಅಲ್ಲಿಗೆ."

"ಹಾಕಲ್ಲ ಅಣ್ಣಾರೆ."

"ಆ ಹುಡುಗಿ ನಿನ್ನ ಜಾತಿನಾ? ನೆಂಟಳಾ?"

"ಅಲ್ಲ."

"ಮತ್ತೆ ಯಾಕೆ ನಿಂಗೆ?"

ಯಾಕೆ ಅಂತ ಯೋಚಿಸಿದೆ. ಭೂತಪ್ಪ ಒಳಗಿಂದ "ಅವಳು ಆಗಲ್ಲ ಅಂದಳಲ್ಲ ಸ್ವಾಮಿ" ಅಂದ. ಶಿವಶಂಕರಪ್ಪ ಬೈಕ್ ಸ್ಟಾರ್ಟ್ ಮಾಡಿದ. "ಶಾಲೆ ಕಡೆನೂ ನಾಳೆಯಿಂದ ಬರ್ಬೇಡ" ಅಂದ. "ಅದೂ ನಾನೇ ಕೊಟ್ಟಿದ್ದು."

ಮಂಡಳಿಯಿಂದ ಕಾಗದ ಬರೋಕೆ ಒಂದು ವಾರವೂ ಹಿಡಿಯಲಿಲ್ಲ. ಸದಸ್ಯತ್ವವನ್ನು ಹಿಂಪಡೆಯಲಾಗಿದೆ. ಎರಡೇ ಸಾಲು. ಶಶಿಧರ್ ಹೇಳಿದ್ದು ನಿಜ. ಕಾರಣ ಇರಲಿಲ್ಲ. ಸರ್ಕಾರಕ್ಕೆ ನನ್ನ ಮೇಲೆ ಇಷ್ಟ ಇತ್ತು ಅಂತಲೂ ನನಗೆ ಗೊತ್ತಿರಲಿಲ್ಲ, ಹೋಯಿತು ಅಂತ ಬೇಜಾರೂ ಆಗಲಿಲ್ಲ. ಬೆಳಿಗ್ಗೆ ಎದ್ದಾಗ ಮಾತ್ರ ಕಾಲುಗಳು ತಾವಾಗಿ ಶಾಲೆ ಕಡೆ ಹೊರಡುತ್ತಿದ್ದವು. ಬಾಗಿಲ ತನಕ ಹೋಗಿ ನಿಲ್ಲುತ್ತಿದ್ದೆ.

ಆಮೇಲೆ ಶೀಲಾ ಬಂದಳು. ನಮ್ಮ ಕೇರಿಯವಳೇ, ನಮ್ಮ ಜನವೇ. ಪಾರ್ಟಿ ಆಫೀಸು ಗುಡಿಸುತ್ತಾಳೆ. ಗಂಡ ಕುಡಿದು ಕುಡಿದು ಸತ್ತ. ಎರಡು ಹೆಣ್ಣುಮಕ್ಕಳು. ಬಾಗಿಲಲ್ಲಿ ನಿಂತು ಸೆರಗು ತಿರುವುತ್ತಿದ್ದಳು.

"ಅಕ್ಕ, ನನ್ನ ಮೆಂಬರ್ ಮಾಡಿದಾರೆ. ಶಾಲೆ ಕೆಲಸನೂ ನಂಗೇ ಕೊಟ್ಟಿದಾರೆ."

"ಹೂಂ."

"ಸಹಿ ಹಾಕ್ದಿದ್ರೆ ಎರಡೂ ಇಲ್ಲ ಅಂದ್ರು. ನಾನೇನು ಮಾಡ್ಲಿ ಅಕ್ಕ?"

ಅವಳ ಮೇಲೆ ಸಿಟ್ಟು ಬರಬೇಕಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಹಾಕಬೇಡ ಅನ್ನೋಕೆ ಬಾಯಿ ಬರಲಿಲ್ಲ. ಅವಳ ಮಕ್ಕಳಿಗೆ ನಾನು ಅನ್ನ ಹಾಕುತ್ತೀನಾ?

"ಹಂಡೆ ತಳ ಹಿಡಿದ್ರೆ ಬೂದಿ ಹಾಕಿ ನೆನೆಸಿಡು" ಅಂದೆ. "ಆಮೇಲೆ ಉಜ್ಜು. ಇಲ್ಲದಿದ್ರೆ ಭುಜ ಹೋಗುತ್ತೆ."

ಅವಳು ಅಳುತ್ತಾ ಹೋದಳು.

ಪೀಠ ಮತ್ತೆ ಕೂತ ದಿನ ನಾನೂ ಹೋದೆ. ಮೆಟ್ಟಿಲ ಬುಡದಲ್ಲಿ ಲಿಂಗಪ್ಪ ತಡೆದ. "ನೀವೀಗ ಮೆಂಬರ್ ಅಲ್ಲಮ್ಮ. ಮೇಲೆ ಬಿಡಲ್ಲ." ಹೊರಗೆ ನಿಂತೆ. ಓಂಕಾರಪ್ಪನವರ ಕಾರು ಬಂತು. ಶೀಲಾ ಆಟೋದಲ್ಲಿ ಬಂದಳು. ನನ್ನನ್ನು ನೋಡಿ ತಲೆ ತಗ್ಗಿಸಿ ಮೇಲೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ರಕ್ಷಾ ಇಳಿದು ಬಂದಳು. ಕೈಯಲ್ಲಿ ಆದೇಶದ ಪ್ರತಿ ಇತ್ತು. ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

"ಮಧು ಎಲ್ಲಿ?"

"ಅವರ ಮನೇಲಿ ಬೇರೆ ಹುಡುಗಿ ನೋಡ್ತಿದಾರೆ ಅಕ್ಕ."

ಫುಟ್‌ಪಾತ್ ಮೇಲೆ ಇಬ್ಬರೂ ನಡೆದೆವು. ಬಸ್‌ಸ್ಟ್ಯಾಂಡ್ ಕಡೆ ಹೋಗುತ್ತಿದ್ದೇವೆ ಅಂತ ನಾನು ತಿಳಿದಿದ್ದೆ. ಅವಳು ಒಂದು ತಿರುವಿನಲ್ಲಿ ನಿಂತಳು. ಎದುರಿಗೆ ನಿರಂಜನ ಡಾಕ್ಟರ ನರ್ಸಿಂಗ್ ಹೋಮ್.

"ಒಳಗೆ ಹೋಗಿ ಬರ್ತೀನಿ" ಅಂದಳು.

"ಏನು ಮಾಡ್ತೀಯ?"

"ಗೊತ್ತಿಲ್ಲ."

ನಾನೂ ಹೋದೆ. ಒಳಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ತುಂಬಾ ಹೆಂಗಸರು. ಬಸುರಿಯರು, ಅಮ್ಮಂದಿರ ಜೊತೆ ಬಂದ ಹುಡುಗಿಯರು, ಹೊಟ್ಟೆ ಹಿಡಿದುಕೊಂಡ ಒಬ್ಬಳು. ರಕ್ಷಾ ಮೊದಲ ಕುರ್ಚಿಯವಳ ಮುಂದೆ ಹೋಗಿ ನಿಂತಳು.

"ಅಕ್ಕ, ಈ ಡಾಕ್ಟರು ನನ್ನ ಗರ್ಭಕೋಶ ತೆಗೆದ್ರು. ನಂಗೆ ಹೇಳಲಿಲ್ಲ."

ಆ ಹೆಂಗಸು ಬಾಯಿ ತೆರೆದು ನೋಡಿದಳು. ರಕ್ಷಾ ಎರಡನೆಯವಳ ಮುಂದೆ ಹೋದಳು. ಅದೇ ಮಾತು. ಮೂರನೆಯವಳು. ಅದೇ ಮಾತು. ದನಿ ಏರಲಿಲ್ಲ. ಕಣ್ಣಲ್ಲಿ ನೀರಿಲ್ಲ. ಕೌಂಟರಿನ ಹುಡುಗಿ ಸ್ಫೂರ್ತಿ ಎದ್ದು ಓಡಿ ಬಂದಳು. "ಹಲೋ ಮೇಡಂ, ಏನ್ರೀ ಇದು, ಹೊರಗೆ ಹೋಗಿ." ರಕ್ಷಾ ಅವಳ ಕಡೆ ತಿರುಗಿದಳು. "ಅಕ್ಕ, ಈ ಡಾಕ್ಟರು ನನ್ನ ಗರ್ಭಕೋಶ ತೆಗೆದ್ರು. ನಂಗೆ ಹೇಳಲಿಲ್ಲ." ಸ್ಫೂರ್ತಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳಿಗೂ ರಕ್ಷಾಳದೇ ವಯಸ್ಸು.

ಮೂಲೆಯಲ್ಲಿ ಒಬ್ಬ ಮುದುಕಿ ಮಗಳ ಜೊತೆ ಕೂತಿದ್ದಳು. ಮುದುಕಿ ಎದ್ದಳು. "ನಡಿಯೇ" ಅಂದಳು ಮಗಳಿಗೆ. ಮಗಳು "ಟೋಕನ್ ತಗೊಂಡಾಗಿದೆ ಅಮ್ಮ" ಅಂದಳು. ಮುದುಕಿ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಹೋದರು. ಉಳಿದವರು ಹೋಗಲಿಲ್ಲ. ಕೂತೇ ಇದ್ದರು, ಆದರೆ ಯಾರೂ ಮೊಬೈಲ್ ನೋಡುತ್ತಿರಲಿಲ್ಲ.

ಪೊಲೀಸ್ ಜೀಪು ಬಂತು. ಇಬ್ಬರನ್ನೂ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಸಬ್ ಇನ್‌ಸ್ಪೆಕ್ಟರ್ ರುದ್ರೇಶ್ ಅಂತ ಹೆಸರಿನ ಬ್ಯಾಡ್ಜು. "ಮಂಡಳಿ ತೀರ್ಮಾನ ಕೊಟ್ಟಾಗಿದೆಯಲ್ಲ, ಇನ್ನೇನು ನಿಮ್ದು ರಗಳೆ?" ಅಂದರು. "ಮತ್ತೆ ಆ ಬಾಗಿಲು ತುಳಿದ್ರೆ ಕೇಸ್ ಹಾಕ್ತೀನಿ." ಇನ್ನು ಹೋಗಲ್ಲ ಅಂತ ಬರೆಸಿಕೊಂಡರು. ಬಿಟ್ಟರು.

ಭದ್ರಾವತಿಗೆ ಬಂದು ಮನೆಯಲ್ಲಿ ಗಂಜಿ ಕುಡಿದೆ. ಸ್ವಲ್ಪ ಹೊತ್ತಿಗೆ ರಕ್ಷಾಳ ಫೋನ್ ಬಂತು.

"ಅಕ್ಕ, ನಾಳೆನೂ ಹೋಗ್ತೀನಿ. ಬಾಗಿಲು ತುಳಿಯಲ್ಲ. ರಸ್ತೆ ಮೇಲೆ ನಿಂತ್ಕೊತೀನಿ. ರಸ್ತೆ ಅವರದಲ್ಲ."

"ಫ್ಯಾಕ್ಟರಿ?"

"ಬಿಟ್ಟೆ."

ಬೆಳಿಗ್ಗೆ ಬಸ್ ಹತ್ತಿದೆ. ಅವಳು ಆಗಲೇ ಬಂದು ನರ್ಸಿಂಗ್ ಹೋಮ್ ಎದುರಿಗೆ ಫುಟ್‌ಪಾತ್ ಮೇಲೆ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಗೇಟಿನಲ್ಲಿ ಹೊಸ ವಾಚ್‌ಮನ್ ನಿಂತಿದ್ದ. ನಮ್ಮನ್ನೇ ನೋಡುತ್ತಿದ್ದ. ಬಿಸಿಲು ಏರುತ್ತಿತ್ತು.

ಒಂದು ಆಟೋ ಬಂದು ನಿಂತಿತು. ಬಸುರಿ ಹೆಂಗಸೊಬ್ಬಳು ಇಳಿದಳು. ಜೊತೆಗೆ ಯಾರೂ ಇಲ್ಲ. ಚಿಲ್ಲರೆ ಕೊಟ್ಟು ಗೇಟಿನ ಕಡೆ ಹೊರಟಳು. ರಕ್ಷಾ ಮುಂದೆ ಹೋದಳು. ಬಾಯಿ ತೆರೆದಳು. ಆ ಹೊಟ್ಟೆ ನೋಡಿದಳು. ಅಷ್ಟು ದಿನ ಅಳು ಎಲ್ಲಿತ್ತೋ, ಅವಳು ಅಲ್ಲೇ ನಿಂತು ಅಳೋಕೆ ಶುರು ಮಾಡಿದಳು.

ಆ ಹೆಂಗಸು ಗಾಬರಿಯಾಗಿ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ವಾಚ್‌ಮನ್ ಗೇಟು ತೆರೆದು ಹಿಡಿದಿದ್ದ.

ನಾನು ಅಡ್ಡ ಹೋದೆ.

"ಒಂದು ನಿಮಿಷ ನಿಲ್ಲಮ್ಮ. ಇವಳ ವಿಷಯ ಹೇಳ್ತೀನಿ."

ಅವಳು ಗೇಟು ನೋಡಿದಳು. ನನ್ನ ನೋಡಿದಳು. ನಿಂತಳು.